ಇಡೀ ಬೀದಿಯನ್ನು ಗುಂಡಿಗಿಳಿಸಿದ ನಲ್ಲಿ

ಸ್ವಲ್ಪ ತಡೀರಿ, ಇದನ್ನು ಕೇಳಿಬಿಡಿ. ಹುಣಸೂರಿನ ನಮ್ಮ ಬೀದಿಗೆ ಬೆಳಿಗ್ಗೆ ನೀರು ಬಿಟ್ಟಾಗ ಪಕ್ಕದ ಮನೆಯ ಜಯಕ್ಕ ನೆಲದೊಳಗಿಂದ ನನ್ನನ್ನು ಕೂಗಿದರು: "ಬಾರ್ಲಾ ಇಂಜಿನಿಯರೂ, ಈ ಬಿಂದ್ಗೆ ಮ್ಯಾಕ್ ಎಳ್ಕೊ!"

ನಮ್ಮ ನಲ್ಲಿಯಲ್ಲಿ ನೀರು ದಾರದಂತೆ ಬರುತ್ತಿತ್ತು. ಅಮ್ಮ ಒಂದು ಬಿಂದಿಗೆ ತುಂಬಿಸುವಷ್ಟರಲ್ಲಿ ನಿಂತೇ ಹೋಗುತ್ತಿತ್ತು. ನೀರು ತಗ್ಗಿಗೆ ತಾನೇ ಹರಿಯುವುದು ಅಂತ ನಾನೇ ಗುಂಡಿ ತೋಡಿ ನಲ್ಲಿಯನ್ನು ಕೆಳಗಿಳಿಸಿದೆ. ನೀರು ಧೋ ಎಂದು ಸುರಿಯಿತು! ಜಯಕ್ಕನ ನಲ್ಲಿ ಒಣಗಿತು. ಅವರು ನಮಗಿಂತ ಆಳಕ್ಕೆ ತೋಡಿಸಿದರು. ಆಮೇಲೆ ಎದುರುಮನೆಯವರು, ಆಮೇಲೆ ಇಡೀ ಬೀದಿ.

ಈಗ ಎಲ್ಲರ ಗುಂಡಿಯಲ್ಲೂ ಮತ್ತೆ ಅದೇ ದಾರದಂಥ ನೀರು. "ಮೊದ್ಲು ನಿಂತ್ಕಂಡೇ ನೀರ್ ಇಡೀತಿದ್ದೆ ಕಣ್ಲಾ, ಈಗ ಏಣಿ ಬೇಕು" ಎನ್ನುತ್ತಾಳೆ ಅಮ್ಮ. ಸದ್ಯ ಏಣಿ ಮಾಡುವುದನ್ನು ಕಲಿಯುತ್ತಿದ್ದೇನೆ. ನಿಮ್ಮ ಬೀದಿಯ ನಲ್ಲಿ ಎಷ್ಟು ಆಳಕ್ಕಿಳಿದಿದೆ, ನೀವೂ ಬರೆಯಿರಿ.