ಅಳಿಸಲಾಗದ ಬಂಗುಡೆ

ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ನನ್ನ ಚಿಕ್ಕಮ್ಮನಿಗೆ ಬ್ಲಾಕ್‌ಚೈನ್ ಮೇಲೆ ನಡೆಯುವ, ನಾನು ಎರಡು ವರ್ಷದಿಂದ ಬರೆಯುತ್ತಿದ್ದ ಸಾಮಾಜಿಕ ಜಾಲತಾಣವೊಂದನ್ನು ಪರಿಚಯಿಸಿದವನು ನಾನೇ. ಇಲ್ಲಿ ಹಾಕಿದ್ದರ ಪ್ರತಿ ಎಷ್ಟೋ ಕಂಪ್ಯೂಟರುಗಳಲ್ಲಿ ಉಳಿಯುತ್ತದೆ, ಅಳಿಸುವ ಅಧಿಕಾರ ಯಾವ ಕಂಪನಿಗೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದ್ದೆ. ಅವಳು ಬುಟ್ಟಿಯಲ್ಲಿದ್ದ ಬಂಗುಡೆಯ ಫೋಟೊ ಹಾಕಿದಳು. ಮರುದಿನ ಬೆಳಿಗ್ಗೆಯೇ ಫೋನು ಬಂತು.

“ಮಗಾ, ಅದನ್ನ್ ಅಳ್ಸ್. ನಿನ್ನಿ ಮೀನ್ ಕಂಡ್ರೆ ಇವತ್ತ್ ಯಾರ್ ಬತ್ರ್?”

ದಿನಾ ಸಂಜೆ ಬುಟ್ಟಿ ತೊಳೆದು ಕವುಚಿಡುವವಳು ಅವಳು. ಹಳೆಯ ಮೀನನ್ನು ಗಿರಾಕಿಯ ಕಣ್ಣಿಗೆ ಬೀಳಿಸಿದವಳೇ ಅಲ್ಲ. ಆದರೂ ನನಗೆ ರೇಗಿತು. ಅಳಿಸಲು ಆಗುವುದಿಲ್ಲ ಎಂದು ಮೊದಲೇ ಹೇಳಿರಲಿಲ್ಲವೇ ಎಂದು ಕೂಗಾಡಿದೆ.

ಅವಳು ಕೇಳಿದಳು: “ಹಾಂಗಾರೆ ನೀನ್ ಅದ್ರಗೆ ಅಣ್ಣನ್ ಬೈದ್ ಬರ್ದದ್ದೂ ಹಾಂಗೇ ಇರತ್ತಾ?”

ಅಣ್ಣನೂ ನಾನೂ ರಾಜಿಯಾಗಿ ಆಗಲೇ ಒಂದು ವರ್ಷ ಕಳೆದಿತ್ತು.