ಕಂಪೆನಿ ಯಜಮಾನರ ಊಟ ವಿಚಾರಿಸಿದ್ದು

ಕಾವೂರಿನ ನಮ್ಮ ಓಣಿಯಲ್ಲಿ ಯಾರಿಗಾದರೂ ಜಗಳವಾಡಬೇಕಾಗಿ ಬಂದರೆ ನನ್ನನ್ನು ಕರೆಯುತ್ತಾರೆ. ಗ್ಯಾಸ್ ಸಿಲಿಂಡರ್ ಬರಲಿಲ್ಲವೆಂದರೆ ನಾನು, ಚರಂಡಿಯ ಚಪ್ಪಡಿ ಎತ್ತಿದವರು ಮುಚ್ಚದೆ ಹೋದರೆಂದರೆ ನಾನು. ಶಾಲೆಯೊಂದರ ಆಫೀಸಿನಲ್ಲಿ ಕ್ಲಾರ್ಕ್ ಆಗಿ ನಿವೃತ್ತಳಾದವಳು. ಹೆಡ್‌ಮಾಸ್ಟರುಗಳು ಬದಲಾಗುತ್ತಿದ್ದರು, ನನ್ನ ನಾಲಿಗೆ ಬದಲಾಗಲಿಲ್ಲ. ಇದನ್ನು ಹೆಚ್ಚುಗಾರಿಕೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳಲು ಮುಖವಿಲ್ಲ. ಬಾಯಿ ಬಿಡಬೇಕಾಗಿದ್ದ ಒಂದೇ ಒಂದು ಹೊತ್ತಿನಲ್ಲಿ ನನ್ನ ಬಾಯಿಯಿಂದ ಬಂದದ್ದು ಏನೆಂದು ಸಾವಿರಾರು ಜನ ನೋಡಿದ್ದಾರೆ.

ಕಂಪೆನಿ ಮುಂಬೈಯದ್ದು. ಮಿಕ್ಸಿ, ಗ್ರೈಂಡರ್ ಮೊದಲಾದ ಅಡುಗೆಮನೆಯ ಸಾಮಾನು ಮಾಡುವುದು. ಅದರ ಮುಖ್ಯಸ್ಥ ನಮ್ಮ ಕಡೆಯವನು. ಅಜ್ಜನ ಕಾಲದಲ್ಲಿ ಮುಂಬೈಗೆ ಹೋದ ಕುಟುಂಬ. ಅಲ್ಲಿ ಹುಟ್ಟಿ ಬೆಳೆದರೂ ತುಳು ಬಿಟ್ಟಿರಲಿಲ್ಲ. ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ದಿನಾ ಏನಾದರೊಂದು ಬರೆಯುತ್ತಿದ್ದ. ಒಂದು ದಿನ ನೀರುದೋಸೆಯ ಫೋಟೋ, ಇನ್ನೊಂದು ದಿನ ಬಂಗುಡೆ ಪುಳಿಮುಂಚಿಯದ್ದು. ಮೀನಿನದ್ದು ಬಂದಾಗ ನಾನು ಬೆರಳಿನಿಂದ ಬೇಗ ಮೇಲೆ ತಳ್ಳಿಬಿಡುತ್ತಿದ್ದೆ. ಆದರೆ ಅಷ್ಟು ದೊಡ್ಡ ಕಂಪೆನಿಯವನು ಕೋಟು ಹಾಕಿಕೊಂಡು ನಡುನಡುವೆ ತುಳು ಬರೆಯುವುದನ್ನು ನೋಡಿದರೆ ನನ್ನ ತಮ್ಮನೇ ಪರೀಕ್ಷೆಯಲ್ಲಿ ಮೊದಲು ಬಂದಷ್ಟು ಖುಷಿ. ನೀರುದೋಸೆಯ ಕೆಳಗೆ ಒಮ್ಮೆ, ಅಕ್ಕಿ ಇನ್ನೂ ನುಣ್ಣಗೆ ಅರೆಯಬೇಕಿತ್ತು ಎಂದು ಬರೆದೆ. "ಸೋಲ್ಮೆಲು ಅಮ್ಮ" ಎಂದು ಅವನದೇ ಉತ್ತರ ಬಂತು. ನಮಸ್ಕಾರ, ಉಪಕಾರವಾಯಿತು ಎಂದು ಅರ್ಥ.

ಅಷ್ಟು ಸಾಕಾಯಿತು. ಕಂಪೆನಿಯ ಶೇರು ಕೊಂಡೆ. ಲಾಭ ನಷ್ಟದ ಲೆಕ್ಕ ನೋಡಿ ಕೊಂಡದ್ದಲ್ಲ, ಸೋಲ್ಮೆಲು ನೋಡಿ ಕೊಂಡದ್ದು. ನಾನೊಬ್ಬಳೇ ಕೊಂಡಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಬಜಪೆಯಲ್ಲಿ ನನಗೊಬ್ಬಳು ಗೆಳತಿ. ನಮ್ಮ ಶಾಲೆಯ ಚಿಕ್ಕ ಮಕ್ಕಳ ತರಗತಿಗೆ ಟೀಚರ್ ಆಗಿದ್ದಳು, ನನಗಿಂತ ತುಂಬ ಚಿಕ್ಕವಳು. ಬಜಪೆಯಿಂದ ಬರುವ ಬಸ್ಸಿನಲ್ಲಿ ನನಗಾಗಿ ಕಿಟಕಿಯ ಪಕ್ಕ ಕರ್ಚೀಫು ಹಾಕಿ ಸೀಟು ಹಿಡಿಯುತ್ತಿದ್ದಳು. ಇಬ್ಬರ ಮನೆಮಾತೂ ತುಳುವೇ, ಆದರೆ ಶಾಲೆಯಲ್ಲಿ ಬಿದ್ದ ಅಭ್ಯಾಸದಿಂದ ನಾವು ಕನ್ನಡದಲ್ಲೇ ಮಾತಾಡಿಕೊಳ್ಳುವುದು. ಅವಳ ಗಂಡ ಗಲ್ಫಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಇನ್ನು ಸಾಕೆಂದು ಊರಿಗೆ ಬಂದಿದ್ದರು. ಬಜಪೆ ಪೇಟೆಯಲ್ಲಿ ಮೋಟಾರು, ಫ್ಯಾನು ರಿಪೇರಿಯ ಅಂಗಡಿ ಹಾಕಬೇಕೆಂದಿತ್ತು. ನೋಡಿಟ್ಟ ಬಾಡಿಗೆ ಕೋಣೆ ಖಾಲಿಯಾಗುವವರೆಗೆ ಗಲ್ಫಿನಲ್ಲಿ ಉಳಿಸಿದ ದುಡ್ಡು ಎಲ್ಲಿಡುವುದೆಂದು ಅವಳು ಕೇಳಿದಾಗ ನಾನು ಫೋನು ತೆಗೆದು ಸೋಲ್ಮೆಲು ತೋರಿಸಿದೆ. "ನಮ್ಮವ, ಮೋಸ ಮಾಡುವ ಜನ ಅಲ್ಲ" ಎಂದೆ. ಆ ಮಾತು ಹೇಳುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೂ ಕೇಳುವಷ್ಟು ದೊಡ್ಡ ಸ್ವರವಿತ್ತು ನನಗೆ.

ಅವಳೂ ಕೊಂಡಳು, ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಅವನಿಗೆ ಏನು ಹಿಡಿಯಿತೋ! "ನಾಳೆ ದೊಡ್ಡ ಸುದ್ದಿ ಉಂಟು" ಎಂದು ಬರೆದ. ಶೇರು ಏರಿತು, ನನ್ನ ಗೆಳತಿ ಇನ್ನಷ್ಟು ಕೊಂಡಳು. ಮರುದಿನ ಬಂದ ಸುದ್ದಿ ಗ್ರೈಂಡರಿನ ಹೊಸ ಬಣ್ಣದ್ದು. ಏರಿದ್ದೆಲ್ಲ ಇಳಿಯಿತು. ಇನ್ನೊಮ್ಮೆ, ಗ್ರೈಂಡರಿನ ಮೋಟಾರಿನಿಂದ ಹೊಗೆ ಬಂತೆಂದು ಯಾರೋ ಹೆಂಗಸು ಫೋಟೋ ಹಾಕಿದರೆ, "ಮೊದಲು ಉದ್ದು ನೆನೆಸಲು ಕಲಿಯಿರಿ" ಎಂದು ಲೇವಡಿ ಮಾಡಿದ. ಜನ ರೇಗಿದರು, ಅವನು ಅವರ ಮೇಲೆ ರೇಗಿದ, ಶೇರು ಇನ್ನೂ ಇಳಿಯಿತು. ಹೀಗೆಲ್ಲ ಬರೆಯುವುದರಿಂದ ನಮಗೆ ನಷ್ಟ ಎಂದು ಒಬ್ಬ ಸಣ್ಣ ಶೇರುದಾರ ಹೇಳಿದ್ದಕ್ಕೆ, "ಹತ್ತು ಶೇರು ಇಟ್ಟುಕೊಂಡವರ ಕಣ್ಣೀರು ಒರೆಸುವುದು ನನ್ನ ಕೆಲಸವಲ್ಲ, ಮಾರಿ ಹೋಗಿ" ಎಂದ.

ನಮ್ಮ ಬೆಳಗೇ ಬದಲಾಗಿ ಹೋಯಿತು. ಎದ್ದು ಹಾಲಿಟ್ಟು ಮೊದಲು ನೋಡುತ್ತಿದ್ದುದು ಅವನು ಏನು ಬರೆದಿದ್ದಾನೆಂದು. ಸುಮ್ಮನಿದ್ದರೆ ಆ ದಿನ ಕಾಫಿ ರುಚಿ. ನನ್ನ ಗಂಡ, "ನಿನಗೆ ಯಜಮಾನ ನಾನಾ ಅವನಾ ಮಾರಾಯ್ತಿ? ನಾನು ಎದ್ದದ್ದು ನೀನು ನೋಡುವುದಿಲ್ಲ, ಅವ ಎದ್ದದ್ದು ನೋಡ್ತಿ" ಎಂದು ಛೇಡಿಸುತ್ತಿದ್ದರು. ಗೆಳತಿ ಮಾತ್ರ ಛೇಡಿಸುವ ಸ್ಥಿತಿಯಲ್ಲಿರಲಿಲ್ಲ. ಪೇಟೆಯಲ್ಲಿ ಕೋಣೆ ಖಾಲಿಯಾಗಿತ್ತು.

ಕಂಪೆನಿಯ ವಾರ್ಷಿಕ ಸಭೆ ಈಗ ಫೋನಿನಲ್ಲೇ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟರೆ ಯಾವ ಶೇರುದಾರನಾದರೂ ಎರಡು ಮೂರು ನಿಮಿಷ ಮಾತಾಡಬಹುದು. ಇದು ಗೊತ್ತಾದದ್ದೇ ಅವಳು ಬಸ್ಸು ಹಿಡಿದು ಮನೆಗೆ ಬಂದಳು.

"ಅಕ್ಕ, ನೀವು ಕೇಳಿ. ನನಗೆ ಅಷ್ಟು ಜನರ ಎದುರು ಬಾಯಿ ಬರುದಿಲ್ಲ. ನೀವಾದ್ರೆ ಅವನ ನೀರಿಳಿಸ್ತೀರಿ."

"ಎಂತ ಕೇಳ್ಬೇಕು ಹೇಳು."

"ಇನ್ನು ಕಂಪೆನಿ ವಿಷಯ ಫೋನಿನಲ್ಲಿ ಬರೆಯುದಿಲ್ಲ ಅಂತ ಎಲ್ಲರ ಎದುರು ಹೇಳ್ಲಿ. ಹೇಳಿದ್ರೆ ಇಟ್ಕೊಳ್ತೇನೆ. ಹೇಳದಿದ್ರೆ ಅವತ್ತೇ ಮಾರಿ, ಇದ್ದದ್ದರಲ್ಲಿ ಅಂಗಡಿ ಹಾಕ್ತೇವೆ. ಸಣ್ಣದಾದ್ರೂ ಅಡ್ಡಿಲ್ಲ."

ಇಷ್ಟು ನೇರವಾದ ಕೆಲಸ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದಲ್ಲ, ಹಿಗ್ಗಿದೆ. ನಾಲ್ಕು ದಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. "ಸ್ವಾಮಿ, ನಿಮ್ಮ ಬೆರಳು ಸುಮ್ಮನಿರದ್ದಕ್ಕೆ ನಮ್ಮ ಗಂಟು ಕರಗುತ್ತಿದೆ" ಎಂದು ಸುರು ಮಾಡುವುದು. ಅವನು ಜಾರಿಕೊಂಡರೆ, "ಹೌದೋ ಅಲ್ಲವೋ ಅಷ್ಟು ಹೇಳಿ" ಎನ್ನುವುದು. ಒಲೆಯ ಮೇಲಿನ ಕುಕ್ಕರಿಗೂ ಅದು ಬಾಯಿಪಾಠವಾಗಿರಬೇಕು.

ಸಭೆಯ ದಿನ ಒಳ್ಳೆಯ ಸೀರೆ ಉಟ್ಟು ಊಟದ ಮೇಜಿನೆದುರು ಕುಳಿತೆ. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಗಂಡ ಪಕ್ಕದಲ್ಲಿ ಕುಳಿತರು. ಗೆಳತಿ ಬಜಪೆಯ ಮನೆಯಲ್ಲಿ ತನ್ನ ಫೋನಿನಲ್ಲಿ ನೋಡುತ್ತಿದ್ದಳು. ನನ್ನ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ನನ್ನ ಹೆಸರು ಕರೆದು ಮಂಗಳೂರಿನಿಂದ ಎಂದರು. ಪರದೆಯ ಮೇಲೆ ಅವನ ಮುಖ ಬಂತು. ಫೋಟೋದಲ್ಲಿ ಕಂಡದ್ದಕ್ಕಿಂತ ಸೊರಗಿದ್ದ. ಮಂಗಳೂರು ಎಂದು ಕೇಳಿದ್ದೇ ಮುಂದೆ ಬಾಗಿ, ನಾನು ಬಾಯಿ ತೆರೆಯುವ ಮೊದಲೇ ಕೇಳಿಬಿಟ್ಟ: "ಅಮ್ಮ, ಒಣಸ್ ಆಂಡಾ?"

ಊಟ ಆಯಿತೇ ಎಂದು. ನಮ್ಮಲ್ಲಿ ದಾರಿಯಲ್ಲಿ ಹೋಗುವವರೂ ಗೇಟಿನ ಹೊರಗಿಂದ ಕೇಳುವ ಮಾತು. ಕೇಳಿದವರಿಗೆ ಉತ್ತರ ಹೇಳಬೇಕು, ತಿರುಗಿ ಕೇಳಬೇಕು. ಹಾಗೆ ಮಾಡದವರು ಅಹಂಕಾರಿಗಳು ಎಂದು ಅಮ್ಮ ಕಲಿಸಿದ್ದಳು. ಜಗಳಕ್ಕೆಂದೇ ಹೊರಟು ಹೋದ ಮನೆಯಲ್ಲೂ ಮೊದಲು ಇದನ್ನು ಮುಗಿಸಿಯೇ ಜಗಳ ಸುರು ಮಾಡುವುದು. ನಾನು ಮಾಡಿದ್ದೂ ಅಷ್ಟೇ ಎಂದುಕೊಂಡಿದ್ದೆ.

"ಆವೊಡತ್ತೆ. ನಿಕ್ಲೆನ ಆಂಡಾ?" ಆಗಬೇಕಷ್ಟೆ, ನಿಮ್ಮದಾಯಿತೇ ಎಂದೆ.

ಇಲ್ಲ ಎಂದ. ಬೆಳಗಿನಿಂದ ಏನೂ ತಿಂದಿಲ್ಲ, ಸಭೆ ಮುಗಿಯಬೇಕು ಎಂದ. ಅಷ್ಟು ಸಾಕು, ನಾನು ಕರಗಿ ನೀರಾದೆ. ಅಯ್ಯೋ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಹೇಗೆ, ಪಿತ್ತ ಆಗುತ್ತದೆ ಎಂದೆ. ಇವತ್ತು ಏನು ಅಡುಗೆ ಎಂದು ಅವನು ಕೇಳಿದ. ಸೌತೆಕಾಯಿ ಹುಳಿ ಎಂದೆ. ಮುಂಬೈಯಲ್ಲಿ ನಮ್ಮ ಕಡೆಯ ಸೌತೆಕಾಯಿ ಸಿಗುತ್ತದೆಯೇ ಎಂದೂ ಕೇಳಿದೆ. ಊರಿಗೆ ಬಂದರೆ ನಮ್ಮಲ್ಲಿಗೆ ಊಟಕ್ಕೆ ಬರಬೇಕು ಎಂದೆ. "ಬರ್ಪೆ ಅಮ್ಮ" ಎಂದ. ನಾನು ಕೈಮುಗಿದೆ, ದೇವರು ಒಳ್ಳೆಯದು ಮಾಡಲಿ ಎಂದೂ ಹೇಳಿದೆ. ಅಷ್ಟರಲ್ಲಿ ನನ್ನ ಸಮಯ ಮುಗಿದು ಪರದೆಯ ಮೇಲೆ ಬೇರೆ ಯಾರದೋ ಮುಖ ಬಂತು.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು: "ಅಲ್ಲ ಮಾರಾಯ್ತಿ, ಪ್ರಶ್ನೆ ಎಲ್ಲಿ ಹೋಯ್ತು?"

ಅವನು ಬೇಕೆಂದೇ ಹಾಗೆ ಮಾಡಿದನೋ, ಮಂಗಳೂರೆಂದು ಕೇಳಿ ಸಹಜವಾಗಿ ಬಂತೋ, ಇವತ್ತಿಗೂ ನನಗೆ ತಿಳಿಯದು.

ಸಂಜೆಯಾಗುವಷ್ಟರಲ್ಲಿ ಅವನು ಆ ತುಂಡನ್ನು ಕತ್ತರಿಸಿ ಎಲ್ಲರಿಗೂ ಕಾಣುವಂತೆ ಹಾಕಿದ್ದ. ಒಳ್ಳೆಯ ಸೀರೆಯುಟ್ಟು ಕೈಮುಗಿಯುತ್ತಿರುವ ನಾನು. ಮೇಲೆ ಅವನ ಬರಹ: "ಕಂಪೆನಿಯ ನಿಜವಾದ ಒಡೆಯರು ಇವರು. ಇವರು ಕೇಳುವುದು ಊಟ ಆಯಿತೇ ಎಂದು. ಉಳಿದವರು ಬೊಬ್ಬೆ ಹೊಡೆಯುತ್ತಿರಲಿ." ಹೊಗೆ ಬಂದ ಗ್ರೈಂಡರಿನ ಹೆಂಗಸು, ಹತ್ತು ಶೇರಿನ ಮನುಷ್ಯ, ನನ್ನ ಗೆಳತಿ, ಎಲ್ಲರೂ ಈ ಉಳಿದವರಲ್ಲಿ ಸೇರಿದರು. ನನ್ನನ್ನು ಅವರೆದುರು ಗೋಡೆಯ ಹಾಗೆ ನಿಲ್ಲಿಸಿದ್ದ. ಜನ ಹೃದಯದ ಚಿತ್ರ ಹಾಕಿದರು. ಉಳ್ಳಾಲದಲ್ಲಿರುವ ನನ್ನ ನಾದಿನಿ ಫೋನು ಮಾಡಿ, "ಅತ್ತಿಗೆ, ನೀವು ಫೇಮಸ್" ಎಂದಳು. ಮರುದಿನ ಶೇರು ಸ್ವಲ್ಪ ಏರಿತು ಕೂಡ.

ಮರುದಿನ ಬೆಳಿಗ್ಗೆ ಗೆಳತಿಯ ಫೋನು ಬಂತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟು ಒಳ್ಳೆಯದಿತ್ತು!

"ಅಕ್ಕ, ನೀವು ಕೇಳದೆ ಇದ್ದದ್ದು ಏನಾದ್ರೂ ಯೋಚನೆ ಮಾಡಿಯೇ ಅಲ್ವಾ? ಮುಖ ನೋಡಿದಾಗ ನಿಮಗೆ ನಂಬಿಕೆ ಬಂತಾ?"

ಆಗ ಹೇಳಬಹುದಿತ್ತು. ಇಲ್ಲ, ನಾನು ಮರೆತೆ, ತುಳು ಕೇಳಿ ಕರಗಿ ಹೋದೆ, ನೀನು ಇವತ್ತೇ ಮಾರು ಎನ್ನಬಹುದಿತ್ತು. ಆದರೆ ಊರಿಡೀ ಹೊಗಳುತ್ತಿರುವಾಗ, ಜಗಳಕ್ಕೆ ಹೆಸರಾದ ನಾನು ಬಾಯಿ ಕಟ್ಟಿ ಕುಳಿತೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು.

"ಒಳ್ಳೆ ಜನ ಅಂತ ಕಾಣ್ತದೆ. ಇರಲಿ, ಸ್ವಲ್ಪ ದಿನ ನೋಡುವ" ಎಂದೆ.

ಅವಳು ನೋಡಿದಳು. ಪೇಟೆಯ ಕೋಣೆಯನ್ನು ಮೊಬೈಲ್ ಕವರ್ ಮಾರುವವರು ಹಿಡಿದರು. ಮಳೆ ಮುಗಿಯುವ ಹೊತ್ತಿಗೆ ಅವನು ಮತ್ತೆ ಬರೆದ, ಈ ಸಲ ತನ್ನದೇ ಕಾರ್ಖಾನೆಯ ಎಂಜಿನಿಯರುಗಳನ್ನು ಸೋಮಾರಿಗಳು ಎಂದು. ಅವರಲ್ಲಿ ದೊಡ್ಡವರು ಕೆಲವರು ರಾಜೀನಾಮೆ ಕೊಟ್ಟರು, ದೊಡ್ಡ ದೊಡ್ಡ ಶೇರುದಾರರು ಮಾರಿ ಎದ್ದು ಹೋದರು. ಶೇರು ಬಿದ್ದದ್ದು ಏಳಲಿಲ್ಲ. ಗೆಳತಿ ಕೊನೆಗೆ ಮಾರಿದಾಗ ಸಿಕ್ಕಿದ್ದು ಅಂಗಡಿಯ ಮುಂಗಡಕ್ಕೂ ಸಾಲದಷ್ಟು. ನನ್ನದೂ ಹೋಯಿತು, ಆದರೆ ನನಗೆ ಪಿಂಚಣಿ ಬರುತ್ತದೆ. ನನ್ನದು ಹೋದದ್ದಕ್ಕೆ ಒಳಗೊಳಗೆ ಸಮಾಧಾನವೇ ಆಯಿತು, ಅದನ್ನು ಅವಳಿಗೆ ಹೇಳಬಹುದಲ್ಲ ಎಂದು. ಇದೂ ನಾಚಿಕೆಯ ಮಾತೇ.

ಅವಳ ಗಂಡ ಹಳೆಯ ಕಂಪೆನಿಗೆ ಫೋನು ಮಾಡಿ ವೀಸಾ ಕೇಳಿದರು. ತಲೆ ಪೂರ್ತಿ ನರೆತ ಮನುಷ್ಯ, ಮೊಣಕಾಲು ನೋವಿನವರು, ಮತ್ತೆ ಏಣಿ ಹತ್ತಲು ಹೊರಟರು.

ಹೊರಡುವ ದಿನ ನಾನು ಬಜಪೆಗೆ ಹೋದೆ. ವಿಮಾನ ಸಂಜೆಗೆ, ನಾನು ತಲುಪುವಾಗ ಮಧ್ಯಾಹ್ನ. ಬಸ್ಸಿನಲ್ಲಿ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ಅವರು ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತು, ನಗುತ್ತಲೇ ಕೇಳಿದರು: "ಅಕ್ಕ, ಒಣಸ್ ಆಂಡಾ?"

ಜೋಡಿಸಿಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ. "ಆಂಡ್", ಆಯಿತು ಎಂದು ಸುಳ್ಳು ಹೇಳಿದೆ. ಆ ಮನೆಯ ಅನ್ನ ಉಣ್ಣುವ ಧೈರ್ಯವಿರಲಿಲ್ಲ.

"ಈ ಹೊತ್ತಿಗೆ ಎಲ್ಲಿ ಆಗ್ತದೆ ಅಕ್ಕ? ಬನ್ನಿ" ಎಂದು ಗೆಳತಿ ಒಳಗಿನಿಂದ ಕರೆದಳು. ಗಂಡನಿಗೆ ಮೀನಿನ ಸಾರು ಮಾಡಿದ್ದಳು. ಅಂಥ ದಿನದಲ್ಲೂ ನನಗಾಗಿ ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ ಮಾಡಿಟ್ಟಿದ್ದಳು. ಅವರು ಅತ್ತ, ನಾನು ಇತ್ತ ಕುಳಿತು ಉಂಡೆವು. ಅವಳು ಎರಡೂ ಬದಿಗೆ ಬಡಿಸಿದಳು. ಅಂಗಡಿಯ ಮಾತು, ಶೇರಿನ ಮಾತು ಯಾರೂ ಎತ್ತಲಿಲ್ಲ.

ಕೈತೊಳೆದು ಬಂದು ಅವರು ಫೋನು ತೆಗೆದರು. "ನೀವು ಮಾತಾಡಿದ ವೀಡಿಯೋ ನನ್ನ ಹತ್ತಿರ ಈಗ್ಲೂ ಉಂಟು ಅಕ್ಕ. ಅಳಿಸ್ಲಿಲ್ಲ. ಅಲ್ಲಿ ರೂಮಿನಲ್ಲಿ ನಮ್ಮ ಭಾಷೆ ಮಾತಾಡುವವರು ಯಾರೂ ಇಲ್ಲ. ಕೆಲಸದಿಂದ ಬಂದು ಒಬ್ಬನೇ ಉಣ್ಣುವಾಗ ಹಾಕಿಕೊಳ್ಳಬಹುದು. ಯಾರೋ ಊಟ ಕೇಳಿದ ಹಾಗೆ ಆಗ್ತದೆ" ಎಂದರು.

ಅವರ ಮುಖದಲ್ಲಿ ಕುಹಕವಿದೆಯೇ ಎಂದು ಹುಡುಕಿದೆ. ಇರಲಿಲ್ಲ.

"ಹಾಕಿಕೊಳ್ಳಿ" ಎಂದೆ.