ಉಣುಗಿನ ಹೆಸರು

ರಕ್ತ ಕುಡಿದು ಉಬ್ಬಿದ ಉಣುಗು ಥೇಟು ಹರಳುಬೀಜದಂತೆ ಕಾಣುತ್ತದೆ. ಅಂಗೈಯಲ್ಲಿಟ್ಟುಕೊಂಡರೆ, ಬೀಜಕ್ಕೆ ಕಾಲು ಮೂಡುವವರೆಗೆ, ನೀವೂ ಮೋಸಹೋಗುತ್ತೀರಿ. ಮಂಗಳೂರಿನ ನಾಯಿಗಳ ಮೈಯಿಂದ ಅವನ್ನು ಬಿಡಿಸಿ, ಸ್ಪಿರಿಟ್ ತುಂಬಿದ ಪುಟ್ಟ ಬಾಟಲಿಗಳಲ್ಲಿ ಮುಳುಗಿಸಿ, ಕೊಟ್ಟಾರದ ನಮ್ಮ ಪ್ರಯೋಗಾಲಯಕ್ಕೆ ತಂದು, ಯಾವ ಜಾತಿಯವೆಂದು ಗುರುತಿಸುವುದು ನನ್ನ ಕೆಲಸ. ನಾನು ಪಶುವೈದ್ಯೆಯಲ್ಲ. ಅದನ್ನು ಹೇಳಬೇಕಾದ ಕಡೆ ಹೇಳದೆ ಹೋದೆ.

ಉಳ್ಳಾಲದಲ್ಲಿ ಮೀನುಬಲೆ, ಹಗ್ಗ ಮಾರುವ ಹಮೀದಾಕನ ಅಂಗಡಿಯ ಜಗಲಿಯಲ್ಲಿ ರಾಣಿ ಎಂಬ ಹೆಣ್ಣುನಾಯಿ ಇತ್ತು. ಮನೆಯೊಳಗೆ ನಾಯಿ ಸೇರಿಸುವ ರೂಢಿ ಅವರಲ್ಲಿಲ್ಲ. ಆದರೆ ಹಳೆಯ ಬಲೆ ಮಡಚಿ ಅದಕ್ಕೊಂದು ಹಾಸಿಗೆ ಮಾಡಿಕೊಟ್ಟಿದ್ದರು, ಮಧ್ಯಾಹ್ನದ ಊಟದಲ್ಲಿ ಅದರ ಪಾಲನ್ನು ಮೊದಲೇ ಎತ್ತಿಡುತ್ತಿದ್ದರು. ನಾನು ಕೈಗವಸು ತೊಟ್ಟು, ಚಿಮುಟದಿಂದ ರಾಣಿಯ ಕಿವಿಯ ಉಣುಗುಗಳನ್ನು ಕೀಳುತ್ತಿದ್ದಾಗ ಅವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಎರಡು ದಿನದಿಂದ ಅದು ಸರಿಯಾಗಿ ತಿನ್ನುತ್ತಿಲ್ಲವೆಂದರು. ನನ್ನನ್ನು ಡಾಕ್ಟ್ರೇ ಎಂದು ಕರೆದರು. ಆ ಕರೆ ಹಿತವೆನಿಸಿತು, ತಿದ್ದಲಿಲ್ಲ. ರಾಣಿಯ ತುಟಿ ಎತ್ತಿ ನೋಡಿದೆ: ಒಸಡು ಸುಣ್ಣದಂತೆ ಬಿಳಿಚಿತ್ತು. ಅದನ್ನೂ ಅಂದವಾದ ಅಕ್ಷರಗಳಲ್ಲಿ ಬರೆದುಕೊಂಡೆ. ರಿಪೋರ್ಟ್ ಬಂದ ಮೇಲೆ ತಿಳಿಸುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಕೀಳುವಾಗ ಉಣುಗಿನ ಬಾಯಿ ಮುರಿದು ಚರ್ಮದಲ್ಲೇ ಉಳಿದಿತ್ತು. ಬಾಯಿಲ್ಲದ, ಉಬ್ಬಿದ ಉಣುಗನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಕಷ್ಟ. ಅಂಥಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ ನೆರವಿಗೆ ಬರುತ್ತದೆ. ಜೀವಕೋಶಕ್ಕೆ ಕಾವು ಕೊಡುವ ಆ ಪುಟ್ಟ ಒಲೆಯೊಳಗೆ ಒಂದು ಓಲೆಯಿದೆ; ಅದು ತಾಯಿಯಿಂದ ಮಾತ್ರ ಮಗುವಿಗೆ ಇಳಿದು ಬರುತ್ತದೆ. ಮೊದಲ ಸಲ ಅದನ್ನು ಓದಲಾಗಲಿಲ್ಲ. ಉಣುಗಿನ ಹೊಟ್ಟೆಯಲ್ಲಿದ್ದ ರಾಣಿಯ ರಕ್ತವೇ ಅಡ್ಡಬಂದಿತ್ತು. ಕಾಲುಗಳನ್ನಷ್ಟೇ ಕತ್ತರಿಸಿ ಮತ್ತೆ ಪ್ರಯತ್ನಿಸಿದೆ. ಮೂರನೆಯ ವಾರ ಉತ್ತರ ಸಿಕ್ಕಿತು: ಊರಿನ ನಾಯಿಗಳಲ್ಲೆಲ್ಲ ಕಾಣುವ ಸಾಮಾನ್ಯ ಕಂದು ಉಣುಗು, ಸಂದೇಹಕ್ಕೆ ಎಡೆಯೇ ಇಲ್ಲ. ಅಂದು ನಾನು ಪಟ್ಟ ಸಂತೋಷವನ್ನು ನೆನೆದರೆ ಈಗ ಮೈ ಮುದುಡುತ್ತದೆ.

ಉಳ್ಳಾಲಕ್ಕೆ ಹೋದಾಗ ಜಗಲಿ ಬರಿದಾಗಿತ್ತು. ನಾನು ಬಂದುಹೋದ ಒಂಬತ್ತನೆಯ ದಿನ ರಾಣಿ ಸತ್ತಿತ್ತು. ಬೇರೆ ಯಾರಿಗಾದರೂ ತೋರಿಸಿದಿರಾ ಎಂದು ಕೇಳಿದೆ.

“ಬೇರೆ ಯಾರಿಗೆ ತೋರಿಸುವುದು ಡಾಕ್ಟ್ರೇ? ನೀವು ನೋಡಿ ಹೋಗಿದ್ದಿರಲ್ಲ,” ಎಂದರು ಹಮೀದಾಕ. “ರಿಪೋರ್ಟ್ ಬಂದ ಮೇಲೆ ಮದ್ದು ಕೊಡ್ತೀರಿ ಅಂತ ಕಾದೆ.”

ಉಣುಗು ತರುವ ಜ್ವರಕ್ಕೆ ಮದ್ದಿದೆ. ಆ ಜ್ವರದಿಂದ ರಕ್ತ ಬತ್ತಿ ಬಿಳಿಚಿದ ಒಸಡನ್ನು ಕಂಡ ಯಾವ ಪಶುವೈದ್ಯರೂ ಅಂದೇ ಚಿಕಿತ್ಸೆ ಶುರುಮಾಡುತ್ತಿದ್ದರು. ಉಣುಗಿನ ಹೆಸರಿಗಾಗಿ ಯಾರೂ ಕಾಯುತ್ತಿರಲಿಲ್ಲ. ತಿಳಿಯುವುದೆಂದರೆ ಕಾಪಾಡುವುದರ ಮೊದಲ ಹೆಜ್ಜೆ ಎಂದು ನಿಮ್ಮಂತೆ ನಾನೂ ನಂಬಿದ್ದೆ. ಆದರೆ ರಾಣಿಯ ವಯಸ್ಸೆಷ್ಟೆಂದು ಕೂಡ ನಾನು ಕೇಳಿರಲಿಲ್ಲ. ಅದರ ರಕ್ತ ಹೀರಿದ ಉಣುಗಿನ ತಾಯಿಬೇರನ್ನು ಮಾತ್ರ ಅಕ್ಷರ ಅಕ್ಷರವಾಗಿ ಓದಿದ್ದೆ. ಇಷ್ಟು ಓದಿ ಯಾರಿಗೆ ಏನಾಯಿತು?

ಕೊನೆಗೆ ಅವರೇ ಉಣುಗು ಯಾವುದೆಂದು ವಿಚಾರಿಸಿದರು. ಹೇಳಿದೆ. ಅದು ಇಲ್ಲಿಯ ಎಲ್ಲ ನಾಯಿಗಳಲ್ಲೂ ಉಂಟಲ್ಲ ಎಂದು ಮೆಲ್ಲಗೆ ಅಂದು, ಪಕ್ಕದ ಹೋಟೆಲಿನಿಂದ ಚಾ ತರಿಸಿದರು.

“ಇದನ್ನು ಹೇಳಲಿಕ್ಕೆ ಅಷ್ಟು ದೂರದಿಂದ ಬಂದಿರಲ್ಲ ಡಾಕ್ಟ್ರೇ, ಉಪಕಾರ ಆಯ್ತು.”

ನಾನು ಡಾಕ್ಟರಲ್ಲ ಎಂದು ಆಗಲಾದರೂ ಹೇಳಬೇಕಿತ್ತು. ಚಾ ಕುಡಿದು ಎದ್ದೆ. ಬಸ್ಸು ಹತ್ತಿ, ಪಂಪ್‌ವೆಲ್ ದಾಟಿ ಕೊಟ್ಟಾರಕ್ಕೆ ಮರಳಿದೆ. ಹಮೀದಾಕನಿಗೆ ಇನ್ನೂ ಹೇಳಿಲ್ಲ.